ಕೌಂಟರಿನ ಈಚೆ ಬಂದ ಮೇಲೆ

‘ನಿಮ್ಮ ಆಫೀಸು ಹೇಗಿದೆ?’ ಎಂದು ನೌಕರಿಯಲ್ಲಿರುವ ಯಾರನ್ನಾದರೂ ಕೇಳಿ ನೋಡಿ. ಮ್ಯಾನೇಜರು ಹೇಗಿದ್ದಾರೆ, ಸಂಬಳ ಎಷ್ಟು, ರಜೆ ಸಿಗುತ್ತದೋ ಇಲ್ಲವೋ, ಇಷ್ಟನ್ನು ಹೇಳಿ ಮುಗಿಸುತ್ತಾರೆ. ಆದರೆ ಪ್ರತಿಯೊಂದು ಕಚೇರಿಗೂ ಅದರದ್ದೇ ಒಂದು ರೂಢಿ ಇರುತ್ತದೆ. ಅಲ್ಲಿ ಯಾರು ಕುಳಿತುಕೊಳ್ಳುತ್ತಾರೆ, ಯಾರು ನಿಂತೇ ಇರುತ್ತಾರೆ, ಲೆಕ್ಕ ತಪ್ಪಿದಾಗ ಏನು ಮಾಡುತ್ತಾರೆ, ಯಾವ ವಿಷಯವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಇವೆಲ್ಲ ಸೇರಿ ಆದದ್ದು ಆ ರೂಢಿ. ಒಳಗಿದ್ದವರಿಗೆ ಅದು ಕಾಣಿಸುವುದಿಲ್ಲ. ಅಡಿಕೆ ಬೇಯಿಸುವ ಮನೆಯವರಿಗೆ ಚೊಗರಿನ ವಾಸನೆ ತಿಳಿಯದ ಹಾಗೆ! ನೆಂಟರು ಬಂದು ಮೂಗು ಅರಳಿಸಿದಾಗಲೇ ‘ಓ, ವಾಸನೆ ಇದೆಯಾ?’ ಎಂದು ನಾವು ಕೇಳುವುದು.

ನಾನು 27 ವರ್ಷ ಬ್ಯಾಂಕಿನ ಒಳಗಿದ್ದೆ. ಈಗ ಹೊರಗೆ ಬಂದು 24 ವರ್ಷ ಆಗಿದೆ. ಎರಡೂ ಕಡೆಯಿಂದ ನೋಡಿದವನಾದ್ದರಿಂದ ಈ ಬಗ್ಗೆ ನಾಲ್ಕು ಮಾತು ಬರೆಯಬಹುದು ಎನಿಸಿತು.

ಮೂರು ತಾಲೂಕು, ಒಂದೇ ಕುರ್ಚಿ

ಬಿ.ಕಾಂ. ಮುಗಿಸಿ 1974ರಲ್ಲಿ ಸಾಗರದ ಒಂದು ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದೆ. ಆಮೇಲೆ ಹೊಸನಗರ, ಕೊನೆಗೆ ತೀರ್ಥಹಳ್ಳಿ. ಶರಾವತಿಯ ಸೀಮೆಯಿಂದ ತುಂಗೆಯ ದಡದವರೆಗೆ, ಇಷ್ಟೇ ನನ್ನ ಪ್ರಪಂಚ.

ಅದು ಬ್ಯಾಂಕುಗಳು ಹಳ್ಳಿಯ ಕಡೆ ಮುಖ ಮಾಡಿದ ಕಾಲ. 1969ರ ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣ ಆಗಿತ್ತು. ಆಗ ಇಡೀ ದೇಶದಲ್ಲಿ ಇದ್ದ ಶಾಖೆಗಳು ಸುಮಾರು 8 ಸಾವಿರ. 1990ರ ಹೊತ್ತಿಗೆ ಅವು ಸುಮಾರು 60 ಸಾವಿರ ಆದವು. ನಮ್ಮ ಮಲೆನಾಡಿನಲ್ಲಿ ಇನ್ನೊಂದು ಸಂಗತಿಯೂ ಸೇರಿಕೊಂಡಿತು. ನಾನು ಕೆಲಸಕ್ಕೆ ಸೇರಿದ ವರ್ಷವೇ, 1974ರ ಮಾರ್ಚ್ 1ರಿಂದ, ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆದದ್ದು ಇದೇ ಸಾಗರ ತಾಲೂಕಿನಲ್ಲಿ. ಅಂಥ ನೆಲದಲ್ಲಿ ಗೇಣಿದಾರರು ಏಳನೇ ನಮೂನೆಯ ಡಿಕ್ಲರೇಷನ್ ಕೊಟ್ಟು ಭೂಮಿಗೆ ಒಡೆಯರಾಗತೊಡಗಿದರು. ಅದುವರೆಗೆ ಒಡೆಯರ ಮನೆಯ ಅಂಗಳದಲ್ಲಿ ನಿಂತು ಕೈಸಾಲ ಕೇಳುತ್ತಿದ್ದವರು ಮೊದಲ ಬಾರಿಗೆ ಬ್ಯಾಂಕಿನ ಮೆಟ್ಟಿಲು ಹತ್ತಿದರು.

ಮಳೆಗಾಲದಲ್ಲಿ ಶಾಖೆಯ ಜಗಲಿಯ ಮೇಲೆ ಕಂಬಳಿ ಕೊಪ್ಪೆ, ಛತ್ರಿಗಳ ಸಾಲು. ಕರೂರು, ಬಾರಂಗಿ ಕಡೆಯವರು ಲಿಂಗನಮಕ್ಕಿ ಹಿನ್ನೀರನ್ನು ಲಾಂಚಿನಲ್ಲಿ ದಾಟಿ ಬರಬೇಕಿತ್ತು. ಅವರ ಒಂದು ಕಣ್ಣು ಕೌಂಟರಿನ ಮೇಲೆ, ಇನ್ನೊಂದು ಕಣ್ಣು ಗೋಡೆ ಗಡಿಯಾರದ ಮೇಲೆ. ಕೊನೆಯ ಲಾಂಚು ತಪ್ಪಿದರೆ ಆ ರಾತ್ರಿ ಸಾಗರದಲ್ಲೇ ಕಳೆಯಬೇಕು. (2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದಾಗ ನನಗೆ ಮೊದಲು ನೆನಪಾದದ್ದು ಆ ಗಡಿಯಾರ ನೋಡುವ ಕಣ್ಣುಗಳೇ.)

2000ನೇ ಇಸವಿಯ ಕೊನೆಗೆ ಸರ್ಕಾರಿ ಬ್ಯಾಂಕುಗಳಲ್ಲಿ ಸ್ವಯಂ ನಿವೃತ್ತಿ ಯೋಜನೆ ಬಂತು. 15 ವರ್ಷ ಸೇವೆ ಆದವರು ಅಥವಾ 40 ವರ್ಷ ದಾಟಿದವರು ಅರ್ಜಿ ಹಾಕಬಹುದಿತ್ತು. ಸೇವೆ ಮಾಡಿದ ಪ್ರತಿ ವರ್ಷಕ್ಕೆ 60 ದಿನದ ಸಂಬಳ ಅಥವಾ ಉಳಿದ ಸೇವೆಯ ಅಷ್ಟೂ ತಿಂಗಳ ಸಂಬಳ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಪರಿಹಾರ. ದೇಶದಲ್ಲಿ ಸುಮಾರು ಒಂದು ಲಕ್ಷ ನೌಕರರು ಹೀಗೆ ಹೊರಗೆ ಬಂದರು. ಮನೆಯಲ್ಲಿ ವಯಸ್ಸಾದ ತಾಯಿ, ಎರಡು ಎಕರೆ ತೋಟ. ಅವರ ಜೊತೆ ನಾನೂ ಬಂದೆ.

ಒಂಬತ್ತರ ಮಹಿಮೆ

ಹೊರಗೆ ಬಂದ ಮೇಲೆ ಕಂಡದ್ದೆಲ್ಲ ಕೆಟ್ಟದ್ದೇನಲ್ಲ. ಮೊದಲು ಒಳ್ಳೆಯದನ್ನೇ ಹೇಳುತ್ತೇನೆ.

ಆಗ ಎಲ್ಲವೂ ಕೈಬರಹದ ಲೆಕ್ಕ. ಸಾರ್ವಜನಿಕರಿಗೆ ಬೆಳಿಗ್ಗೆ 10ರಿಂದ 2 ಗಂಟೆ, ಶನಿವಾರ 10ರಿಂದ 12. ಬಾಗಿಲು ಹಾಕಿದ ಮೇಲೆ ನಮ್ಮ ನಿಜವಾದ ಕೆಲಸ ಶುರು. ದಿನದ ಜಮಾ ಮತ್ತು ಖರ್ಚು ತಾಳೆಯಾಗಬೇಕು. ಹತ್ತು ಪೈಸೆ ವ್ಯತ್ಯಾಸ ಬಂದರೂ ಹುಡುಕಬೇಕು. ‘ಹತ್ತು ಪೈಸೆ ನಾನೇ ಹಾಕ್ತೇನೆ, ಮನೆಗೆ ಹೋಗೋಣ’ ಎಂದರೆ ಹಿರಿಯರು ಒಪ್ಪುತ್ತಿರಲಿಲ್ಲ. ಆ ಹತ್ತು ಪೈಸೆಯ ಹಿಂದೆ ಒಂದು ಕಡೆ ಸಾವಿರ ಹೆಚ್ಚು, ಇನ್ನೊಂದು ಕಡೆ ಸಾವಿರದ ಹತ್ತು ಪೈಸೆ ಕಡಿಮೆ ಬರೆದಿರುವ ಎರಡು ಬೇರೆ ಬೇರೆ ತಪ್ಪುಗಳು ಅಡಗಿರಬಹುದು ಎನ್ನುತ್ತಿದ್ದರು.

ಮಕ್ಕಳೇ, ಆ ಹುಡುಕಾಟದ ಒಂದು ಗುಟ್ಟು ಹೇಳುತ್ತೇನೆ. ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡಬೇಕು. ಶೇಷ ಉಳಿಯದಿದ್ದರೆ ಯಾರೋ ಅಂಕಿ ಹಿಂದುಮುಂದು ಮಾಡಿರುವ ಸಾಧ್ಯತೆ ಇದೆ. 450 ಎಂದು ಬರೆಯುವ ಕಡೆ 540 ಬರೆದರೆ ವ್ಯತ್ಯಾಸ 90. 72ರ ಬದಲು 27 ಆದರೆ 45. 1836ರ ಬದಲು 1386 ಆದರೆ 450. ಎಲ್ಲವೂ 9ರಿಂದ ಭಾಗವಾಗುತ್ತವೆ. ಹಾಗೆ ಆಗದಿದ್ದರೆ ವ್ಯತ್ಯಾಸದ ಅರ್ಧವನ್ನು ಹುಡುಕುತ್ತಿದ್ದೆವು. 35 ರೂಪಾಯಿಯನ್ನು ಜಮಾ ಕಡೆ ಬರೆಯುವ ಬದಲು ಖರ್ಚಿನ ಕಡೆ ಬರೆದರೆ 70 ರೂಪಾಯಿ ವ್ಯತ್ಯಾಸ ಬರುತ್ತದಲ್ಲ! ನೀವೂ ನಾಲ್ಕಾರು ಸಂಖ್ಯೆ ಬರೆದು ಪರೀಕ್ಷೆ ಮಾಡಿ.

ಹೊಸನಗರದಲ್ಲಿ ಆಷಾಢದ ಮಳೆಗೆ ಕರೆಂಟು ಹೋಗುವುದೇ ಹೆಚ್ಚು. ಪೆಟ್ರೋಮ್ಯಾಕ್ಸ್ ಹಚ್ಚಿಕೊಂಡು ಒಬ್ಬರು ಓದುವುದು, ಇನ್ನೊಬ್ಬರು ಟಿಕ್ ಹಾಕುವುದು. ಒಮ್ಮೆ ರಾತ್ರಿ ಒಂಬತ್ತೂವರೆಗೆ ಲೆಕ್ಕ ಸಿಕ್ಕಿತು. ಯಾರ ಕೈಬರಹ ಎಂದು ಎಲ್ಲರಿಗೂ ಗೊತ್ತಿತ್ತು, ಆದರೂ ಯಾರೂ ಹೆಸರು ಎತ್ತಲಿಲ್ಲ. ‘ಸಿಕ್ತಲ್ಲ, ನಡೀರಿ’ ಎಂದು ಛತ್ರಿ ಬಿಚ್ಚಿಕೊಂಡು ಹೊರಟೆವು. ಆಗ ಅದು ವಿಶೇಷ ಎಂದು ಯಾರಿಗೂ ಅನಿಸಿರಲಿಲ್ಲ. ಬೇರೆ ಬೇರೆ ಕಡೆ ಕೆಲಸ ಮಾಡುವ ಮಕ್ಕಳು, ಸೊಸೆಯರು, ಅಳಿಯಂದಿರು ತಮ್ಮ ಆಫೀಸಿನ ಕಥೆ ಹೇಳುವುದನ್ನು ಕೇಳಿದ ಮೇಲೆ ಅದರ ಬೆಲೆ ತಿಳಿಯಿತು. ತಪ್ಪಾದ ಕೂಡಲೇ ‘ಯಾರು ಮಾಡಿದ್ದು?’ ಎಂದು ಕೇಳುವ ಕಚೇರಿಯಲ್ಲಿ ಜನ ತಪ್ಪನ್ನು ಮುಚ್ಚಿಡುವುದನ್ನು ಕಲಿಯುತ್ತಾರೆ. ‘ಎಲ್ಲಿ ಆಗಿದೆ?’ ಎಂದು ಕೇಳುವ ಕಚೇರಿಯಲ್ಲಿ ಹುಡುಕುವುದನ್ನು ಕಲಿಯುತ್ತಾರೆ.

ಎರಡು ಬೀಗದ ಕೈ

ಬ್ಯಾಂಕಿನ ತಿಜೋರಿಗೆ ಎರಡು ಬೀಗದ ಕೈ. ಒಂದು ಕ್ಯಾಷಿಯರ್ ಬಳಿ, ಇನ್ನೊಂದು ಅಧಿಕಾರಿಯ ಬಳಿ. ಒಬ್ಬರೇ ತೆರೆಯಲು ಆಗುವುದಿಲ್ಲ. ಚೀಟಿ ಬರೆದವರೇ ಅದನ್ನು ಪಾಸು ಮಾಡುವ ಹಾಗಿಲ್ಲ. 27 ವರ್ಷ ಇದು ನಮಗೆ ಉಸಿರಾಟದಷ್ಟೇ ಸಹಜವಾಗಿತ್ತು.

ಹೊರಗೆ ಬಂದ ಮೇಲೆ ಊರಿನ ಉತ್ಸವ ಸಮಿತಿಯವರು ‘ಬ್ಯಾಂಕಿನವರು ನೀವು, ಲೆಕ್ಕ ನೋಡಿಕೊಳ್ಳಿ’ ಎಂದರು. ಚಂದಾ ಹಣ ಎಣಿಸುವಾಗ ಇಬ್ಬರು ಇರಲಿ, ಇಬ್ಬರೂ ಸಹಿ ಹಾಕಲಿ ಎಂದೆ. ಸಭೆಯಲ್ಲಿ ಮೌನ. ವರ್ಷಗಟ್ಟಲೆ ಹಣ ನೋಡಿಕೊಂಡಿದ್ದ ಹಿರಿಯರೊಬ್ಬರ ಮುಖ ಕಪ್ಪಾಯಿತು. ‘ಎಂತ ಮಾರಾಯ್ರೆ, ನನ್ನ ಮೇಲೆ ಅನುಮಾನವಾ?’ ಎಂದರು. ಅವರು ಚಿನ್ನದಂಥ ಮನುಷ್ಯ. ಅವರಿಗೆ ಹೀಗೆಂದೆ: ‘ಇಲ್ಲ, ನಾಳೆ ಯಾರಾದರೂ ನಿಮ್ಮ ಮೇಲೆ ಅನುಮಾನ ಪಟ್ಟರೆ ನಿಮ್ಮ ಪರವಾಗಿ ಮಾತಾಡಲಿಕ್ಕೆ ಇನ್ನೊಬ್ಬರು ಬೇಕಲ್ಲ, ಅದಕ್ಕೆ.’ ಒಪ್ಪಲು ಎರಡು ವರ್ಷ ಬೇಕಾಯಿತು. ಕೆಲವರು ಈಗಲೂ ಪೂರ್ತಿ ಒಪ್ಪಿಲ್ಲ.

ಬ್ಯಾಂಕಿನಲ್ಲಿ ನಿಯಮವಾಗಿದ್ದದ್ದು ಊರಿನಲ್ಲಿ ಅವಮಾನವಾಗಿ ಕಾಣುತ್ತದೆ ಎಂಬುದು ಹೊರಗೆ ಬರದಿದ್ದರೆ ನನಗೆ ತಿಳಿಯುತ್ತಿರಲಿಲ್ಲ.

ಕೇಳಿದರೆ ಮಾತ್ರ ಹೇಳುವುದು

ಈಗ ಇನ್ನೊಂದು ಮಗ್ಗುಲು.

ನೌಕರಿ ಬಿಟ್ಟ ಮೇಲೆ ಹಳ್ಳಿಯ ಜನ ಪಾಸ್‌ಬುಕ್ಕು, ಚಲನ್ನು, ನೋಟಿಸುಗಳನ್ನು ಹಿಡಿದು ನಮ್ಮ ಜಗಲಿಗೆ ಬರತೊಡಗಿದರು. ಬ್ಯಾಂಕಿನಲ್ಲಿ ಅವರು ಕೇಳುತ್ತಿದ್ದದ್ದು ‘ದುಡ್ಡು ಬಂತಾ?’ ಎಂಬ ಒಂದೇ ಪ್ರಶ್ನೆ. ಜಗಲಿಯಲ್ಲಿ ಕಾಫಿ ಕುಡಿಯುತ್ತ ಹತ್ತು ಪ್ರಶ್ನೆ ಕೇಳಿದರು.

2004ರ ಸುಮಾರಿಗೆ ಒಬ್ಬ ಕೃಷಿಕರು ಪಾಸ್‌ಬುಕ್ಕು ತಂದರು. ಅಡಿಕೆ ಮಾರಿದ ಹಣವನ್ನು ಪ್ರತಿ ಸಲವೂ ತಿಂಗಳ 12, 13ನೇ ತಾರೀಖಿಗೆ ಕಟ್ಟಿದ್ದರು. ಆಗ ಉಳಿತಾಯ ಖಾತೆಯ ಬಡ್ಡಿಗೆ ಒಂದು ನಿಯಮವಿತ್ತು. ತಿಂಗಳ 10ನೇ ತಾರೀಖಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿ ಅತಿ ಕಡಿಮೆ ಎಷ್ಟು ಹಣ ಇತ್ತೋ ಅದಕ್ಕೆ ಮಾತ್ರ ಆ ತಿಂಗಳ ಬಡ್ಡಿ. ಎಂದರೆ 12ಕ್ಕೆ ಕಟ್ಟಿದ ಹಣಕ್ಕೆ ಆ ತಿಂಗಳು ಬಡ್ಡಿ ಸೊನ್ನೆ. ಆಗಿನ ಶೇಕಡಾ 3.5ರ ದರದಲ್ಲಿ 10 ಸಾವಿರಕ್ಕೆ ತಿಂಗಳಿಗೆ ಸುಮಾರು 29 ರೂಪಾಯಿ. ದೊಡ್ಡ ಮೊತ್ತವಲ್ಲ, ನಿಜ. ಆದರೆ ಅವರು ಹೇಳಿದ ಮಾತು ದೊಡ್ಡದು. ‘ಇಷ್ಟು ವರ್ಷ ಅಲ್ಲೇ ಕಿಟಕಿ ಎದುರು ನಿಂತಿದ್ದೆ. ಎರಡು ದಿನ ಮೊದಲು ಬನ್ನಿ ಅಂತ ಯಾರೂ ಹೇಳಲಿಲ್ಲ ನೋಡಿ.’

ಆ ನಿಯಮ ಸುತ್ತೋಲೆಯಲ್ಲಿತ್ತು. ಕೇಳಿದ್ದರೆ ಹೇಳುತ್ತಿದ್ದರು. ಆದರೆ ಇದೆ ಎಂದು ಗೊತ್ತಿಲ್ಲದ ನಿಯಮದ ಬಗ್ಗೆ ಯಾರು ತಾನೇ ಕೇಳಿಯಾರು? ಕಚೇರಿಯ ರೂಢಿ ಎಂದರೆ ಹೀಗೆ. ಯಾರೂ ಸುಳ್ಳು ಹೇಳಿರುವುದಿಲ್ಲ, ಯಾರೂ ಮೋಸ ಮಾಡಿರುವುದಿಲ್ಲ. ಕೇಳದಿದ್ದರೆ ಹೇಳಬೇಕಾಗಿಲ್ಲ ಎಂಬುದು ಮಾತ್ರ ಎಲ್ಲರಿಗೂ ಒಪ್ಪಿಗೆಯಾಗಿರುತ್ತದೆ. ಹಿಂದೆ ಒಡೆಯರ ಅಂಗಳದಲ್ಲಿ ನಿಂತು ಅಭ್ಯಾಸವಾದವರಿಗೆ ಬ್ಯಾಂಕಿನ ಕಿಟಕಿಯೂ ಒಂದು ಅಂಗಳವೇ ಆಗಿತ್ತು. ಅಲ್ಲಿ ಪ್ರಶ್ನೆ ಕೇಳುವುದು ಅಧಿಕಪ್ರಸಂಗ ಎಂದು ಅವರು ತಿಳಿದಿದ್ದರು.

2010ರ ಏಪ್ರಿಲ್ 1ರಿಂದ ಆ ನಿಯಮ ಹೋಗಿ ಪ್ರತಿದಿನದ ಬಾಕಿಗೂ ಬಡ್ಡಿ ಲೆಕ್ಕ ಹಾಕುವ ಪದ್ಧತಿ ಬಂತು. ಆ ಕೃಷಿಕರಿಗೆ ನಾನೇ ಹೋಗಿ ತಿಳಿಸಿದೆ. ‘ಇನ್ನು ಯಾವಾಗ ಕಟ್ಟಿದ್ರೂ ಅಡ್ಡಿಯಿಲ್ವಾ?’ ಎಂದು ನಕ್ಕರು.

ಬೆಳಿಗ್ಗೆ ಎಂಟರ ಬ್ಯಾಂಕು

ನಮ್ಮ ಒಂದು ಶಾಖೆಯಲ್ಲಿ ಕಸ ಗುಡಿಸುವ ಹೆಂಗಸೊಬ್ಬರಿದ್ದರು. ಅರೆಕಾಲಿಕ ನೌಕರಿ. ಬ್ಯಾಂಕುಗಳಲ್ಲಿ ಇಂಥವರಿಗೆ ವಾರಕ್ಕೆ ಎಷ್ಟು ಗಂಟೆ ಕೆಲಸವೋ ಅದಕ್ಕೆ ತಕ್ಕಂತೆ ಪೂರ್ಣ ಸಂಬಳದ ಮೂರನೇ ಒಂದು ಭಾಗ, ಅರ್ಧ, ಮುಕ್ಕಾಲು ಎಂದು ನಿಗದಿ ಇತ್ತು. ಇವರದ್ದು ಮೂರನೇ ಒಂದು. ಬೆಳಿಗ್ಗೆ ಎಂಟಕ್ಕೆ ಬಂದು ಗುಡಿಸಿ, ಒರೆಸಿ, ಮಣ್ಣಿನ ಹೂಜಿಗೆ ನೀರು ತುಂಬಿಸಿಡುತ್ತಿದ್ದರು. ಹೆಚ್ಚಿನ ಸಿಬ್ಬಂದಿ ಬರುವ ಹೊತ್ತಿಗೆ ಅವರು ಹೊರಟುಹೋಗಿರುತ್ತಿದ್ದರು.

ನೌಕರಿ ಬಿಟ್ಟು ಐದಾರು ವರ್ಷದ ಮೇಲೆ ಸಂತೆಯಲ್ಲಿ ಸಿಕ್ಕರು. ನಿಂತು ಮಾತಾಡಿದೆವು. ಆಗ ಅವರು ನಮ್ಮ ಶಾಖೆಯ ಚರಿತ್ರೆಯನ್ನೇ ಹೇಳಿದರು! ಯಾರ ಮೇಜಿನ ಕೆಳಗೆ ಕಡಲೆಕಾಯಿ ಸಿಪ್ಪೆ ಇರುತ್ತಿತ್ತು, ಯಾವ ಅಧಿಕಾರಿಯ ಬುಟ್ಟಿಯಲ್ಲಿ ಪರೀಕ್ಷೆಯ ದಿನಗಳಲ್ಲಿ ಹರಿದ ಕಾಗದ ತುಂಬಿರುತ್ತಿತ್ತು, ಯಾವ ಮ್ಯಾನೇಜರು ಮಗಳ ಮದುವೆ ಮುರಿದುಬಿದ್ದ ವಾರ ಬೆಳಿಗ್ಗೆ ಎಂಟಕ್ಕೇ ಬಂದು ಒಬ್ಬರೇ ಕುಳಿತಿರುತ್ತಿದ್ದರು ಎಂದು. ‘ಒಂದು ದಿನ ಅವ್ರಿಗೆ ಹೋಟ್ಲಿಂದ ಚಾ ತಂದುಕೊಟ್ಟೆ. ದುಡ್ಡು ತಗೊಳ್ಲಿಲ್ಲ ನಾನು’ ಎಂದರು.

ನಮ್ಮಲ್ಲಿ ಬೀಳ್ಕೊಡುಗೆ ಎಂದರೆ ಶಾಲು, ಗಂಧದ ಹಾರ, ಮೈಸೂರು ಪೇಟ, ಭಾಷಣ. ‘ನಿಮ್ಮ ಬೀಳ್ಕೊಡುಗೆ ಯಾವಾಗ ಆಯಿತು?’ ಎಂದು ಕೇಳಿದೆ. ‘ನನ್ನದು ಬೆಳಿಗ್ಗೆ ಎಂಟಕ್ಕೆ ಮುಗೀತಲ್ಲ, ಆಗ ಯಾರಿರ್ತಾರೆ?’ ಎಂದರು. ದೂರಿನ ದನಿ ಇರಲಿಲ್ಲ. ಲೆಕ್ಕ ಹೇಳಿದ ಹಾಗೆ ಹೇಳಿದರು.

ಬ್ಯಾಂಕ್ ನೌಕರರು ಸಂಘಟಿತರಾದದ್ದು ಹಳೆಯ ಮಾತು. ಅಖಿಲ ಭಾರತ ಸಂಘ ಹುಟ್ಟಿದ್ದು 1946ರಲ್ಲಿ, ವೇತನ ಮತ್ತು ಸೇವಾ ನಿಯಮಗಳ ಮೊದಲ ದ್ವಿಪಕ್ಷೀಯ ಒಪ್ಪಂದ ಆದದ್ದು 1966ರಲ್ಲಿ. ಕೆಲಸದ ಗಂಟೆ, ರಜೆ, ಭತ್ಯೆ ಎಲ್ಲವೂ ಅಂಥ ಒಪ್ಪಂದಗಳಲ್ಲಿವೆ. ಅವರ ಮೂರನೇ ಒಂದು ಸಂಬಳವೂ ಹಾಗೆಯೇ ಬಂದದ್ದು. ಅದು ಸಣ್ಣ ವಿಷಯವಲ್ಲ. ಆದರೆ ಬೀಳ್ಕೊಡುಗೆಯ ಶಾಲನ್ನು ಯಾವ ಒಪ್ಪಂದದಲ್ಲಿ ಬರೆಯಲು ಸಾಧ್ಯ? ಅದು ಕಚೇರಿಯ ರೂಢಿಗೆ ಬಿಟ್ಟದ್ದು.

ಬಡ್ತಿ ಬೇಡವೆಂದವರು

ಗುಮಾಸ್ತನಾಗಿ ಸೇರಿ ಗುಮಾಸ್ತನಾಗಿಯೇ ಹೊರಗೆ ಬಂದವರನ್ನು ಕಂಡರೆ ಜನಕ್ಕೆ ಸ್ವಲ್ಪ ಕನಿಕರ. ಮಲೆನಾಡಿನ ಬ್ಯಾಂಕುಗಳಲ್ಲಿ ಹೀಗೆ ಬಡ್ತಿ ಬೇಡವೆಂದವರು ಬೇಕಾದಷ್ಟು ಜನ ಇದ್ದರು. ಬಡ್ತಿ ಎಂದರೆ ವರ್ಗಾವಣೆ. ಕಾನಪುರವೋ ಕೋಲ್ಕತ್ತವೋ ಹೇಳಲು ಬರುವುದಿಲ್ಲ. ತೋಟಕ್ಕೆ ಕೊಳೆರೋಗ ಬಂದಾಗ ಬೋರ್ಡೋ ಹೊಡೆಸುವವರು ಯಾರು? ಹೀಗಾಗಿ ನಾನೂ ಅರ್ಜಿ ಹಾಕಲಿಲ್ಲ. ‘ಮಹತ್ವಾಕಾಂಕ್ಷೆ ಇಲ್ಲದವರು’ ಎಂಬ ಒಂದು ಹಣೆಪಟ್ಟಿ ನಮ್ಮಂಥವರಿಗೆ ಇತ್ತು.

ಹೊರಗಿನಿಂದ ನೋಡುವಾಗ ಬೇರೆಯೇ ಕಾಣುತ್ತದೆ. ಮ್ಯಾನೇಜರುಗಳು ಎರಡು ಮೂರು ವರ್ಷಕ್ಕೆ ಬದಲಾಗುತ್ತಿದ್ದರು. ಶಾಖೆಗೆ ನೆನಪಿನ ಶಕ್ತಿ ಅಂತ ಏನಾದರೂ ಇದ್ದರೆ ಅದು ಇದ್ದಲ್ಲೇ ಇದ್ದ ಗುಮಾಸ್ತರು ಮತ್ತು ಜವಾನರಲ್ಲಿ. ಯಾರ ಸಹಿ ಮೊದಲಿನಿಂದಲೂ ನಡುಗುತ್ತದೆ, ಯಾರು ಜೂನಿನಲ್ಲಿ ಒಡವೆ ಅಡವಿಟ್ಟು ಮಕ್ಕಳನ್ನು ಶಾಲೆಗೆ ಸೇರಿಸಿ, ಅಡಿಕೆ ಮಾರಿದ ಕೂಡಲೇ ಬಿಡಿಸಿಕೊಳ್ಳುತ್ತಾರೆ ಎಂಬುದು ಲೆಡ್ಜರಿನಲ್ಲಿ ಬರೆದಿರುವುದಿಲ್ಲ. ಕಂಪ್ಯೂಟರ್ ಬಂದ ಮೇಲೆ ಲೆಕ್ಕ ತಾಳೆ ಹಾಕುವ ಕಷ್ಟ ಹೋಯಿತು. ಒಳ್ಳೆಯದೇ ಆಯಿತು. ಆದರೆ ಈ ನೆನಪನ್ನು ಕಂಪ್ಯೂಟರಿಗೆ ಯಾರೂ ತುಂಬಲಿಲ್ಲ.

ತಮ್ಮನ ಮಗನ ಪ್ರಶ್ನೆ

‘ನಮ್ಮ ಕಾಲವೇ ಚಿನ್ನ’ ಎಂದು ಹೇಳುವ ಮನಸ್ಸು ನನಗಿಲ್ಲ. ನಮ್ಮ ಕಾಲದ ಚಿನ್ನದ ತೂಕವನ್ನು ಮೇಲೆ ಹೇಳಿದ್ದೇನೆ. ಆದರೆ ಈಗಿನ ಹುಡುಗರ ಕಷ್ಟ ಬೇರೆ ತರಹದ್ದು.

ನನ್ನ ತಮ್ಮನ ಮಗ ಒಂದು ಬ್ಯಾಂಕಿನಲ್ಲಿ ಅಧಿಕಾರಿ. ಎರಡು ವರ್ಷದ ಹಿಂದೆ ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಗೆ ಬಂದಿದ್ದ. ರಾತ್ರಿ ಒಂಬತ್ತಾದರೂ ಅವನ ಮೊಬೈಲು ಗುಂಯ್ ಎನ್ನುತ್ತಲೇ ಇತ್ತು. ಈ ವಾರ ಎಷ್ಟು ವಿಮೆ ಮಾಡಿಸಿದಿರಿ, ಯಾರು ಹಿಂದೆ ಬಿದ್ದಿದ್ದಾರೆ ಎಂದು ಗುಂಪಿನಲ್ಲಿ ಹೆಸರು ಹಾಕಿ ಕೇಳುತ್ತಾರಂತೆ. ‘ದೊಡ್ಡಪ್ಪ, ಬಿಟ್ಟುಬಿಡಲಾ?’ ಎಂದ. ಮನೆಯಲ್ಲಿ ಎಲ್ಲರೂ ಬೇಡ ಎನ್ನುತ್ತಿದ್ದರು. ಸರ್ಕಾರಿ ಬ್ಯಾಂಕಿನ ಕೆಲಸ, ಮನೆ ಸಾಲ, ಶಾಲೆಗೆ ಹೋಗುವ ಮಗು.

ಬಿಡು ಎನ್ನಲಿಲ್ಲ, ಇರು ಎನ್ನಲಿಲ್ಲ. ‘ಒಂದು ದಿನ ರಜೆ ಹಾಕು. ಬೇರೆ ಊರಿನ ಬೇರೆ ಬ್ಯಾಂಕಿಗೆ ಹೋಗಿ ಅರ್ಧ ದಿನ ಬೆಂಚಿನ ಮೇಲೆ ಕೂತು ಬಾ. ನೀನು ಯಾರೆಂದು ಹೇಳಬೇಡ’ ಎಂದೆ. ನೌಕರಿ ಬಿಟ್ಟ ಮೇಲೆ ಕಾಣುವುದನ್ನು ಬಿಡುವ ಮೊದಲೇ ಸ್ವಲ್ಪ ನೋಡಲಿ ಎಂಬುದು ನನ್ನ ಆಸೆ.

ಹೋಗಿ ಬಂದ. ಅಲ್ಲಿ ಒಬ್ಬರು ಮುದುಕರು ಠೇವಣಿ ನವೀಕರಿಸಲು ಬಂದಿದ್ದರಂತೆ. ಮೇಜಿನ ಆಚೆಯ ಹುಡುಗಿ ಅವರಿಗೆ ವಿಮೆಯ ಅರ್ಜಿ ತೋರಿಸುತ್ತ ನಾಲ್ಕು ಸಲ ಗಡಿಯಾರ ನೋಡಿದಳಂತೆ. ‘ಅವಳ ಮುಖ ನೋಡಿದರೆ ನನ್ನನ್ನೇ ಕನ್ನಡಿಯಲ್ಲಿ ನೋಡಿದ ಹಾಗಾಯ್ತು ದೊಡ್ಡಪ್ಪ. ಮುದುಕರ ಮುಖ ಮಾತ್ರ ನಾನು ಈವರೆಗೆ ಸರಿಯಾಗಿ ನೋಡಿಯೇ ಇರಲಿಲ್ಲ’ ಎಂದ.

ಅವನು ಇನ್ನೂ ನೌಕರಿ ಬಿಟ್ಟಿಲ್ಲ. ಬಿಡುವುದಿಲ್ಲ ಎಂದೂ ಹೇಳಿಲ್ಲ. ಒಂದು ಬದಲಾವಣೆ ಮಾಡಿಕೊಂಡಿದ್ದಾನೆ. ವಿಮೆಯ ಅರ್ಜಿಗೆ ಸಹಿ ಹಾಕಿಸುವ ಮೊದಲು ‘ಇದು ಠೇವಣಿ ಅಲ್ಲ, ಇಷ್ಟು ವರ್ಷ ಕಂತು ಕಟ್ಟಬೇಕು, ನಡುವೆ ನಿಲ್ಲಿಸಿದರೆ ನಷ್ಟ’ ಎಂದು ಕನ್ನಡದಲ್ಲಿ ಓದಿ ಹೇಳುತ್ತಾನೆ. ಯಾರೂ ಕೇಳದಿದ್ದರೂ ಹೇಳುತ್ತಾನೆ. ಅವನ ಸಂಖ್ಯೆ ಇಳಿದಿದೆ, ಮೇಲಿನವರಿಂದ ಎರಡು ಸಲ ಬೈಗುಳ ತಿಂದಿದ್ದಾನೆ. ಮುಂದೆ ಏನಾಗುತ್ತದೋ ನೋಡಬೇಕು.

ನಿಮಗೊಂದು ಕೆಲಸ

ಶಾಲೆಗೆ ಹೋಗುವ ಮಕ್ಕಳೇ, ನಿಮ್ಮ ಶಾಲೆಯೂ ಒಂದು ಕೆಲಸದ ಜಾಗವೇ. ಅಲ್ಲಿ ಗಂಟೆ ಹೊಡೆಯುವವರು, ಬಿಸಿಯೂಟ ಬಡಿಸುವವರು ಇದ್ದಾರೆ. ಅವರ ಹೆಸರು ನಿಮಗೆ ಗೊತ್ತಿದೆಯೇ? ಅವರು ಬೆಳಿಗ್ಗೆ ಎಷ್ಟು ಹೊತ್ತಿಗೆ ಬರುತ್ತಾರೆ? ನಾಳೆ ಕೇಳಿ. ಅವರಿಗೆ ತಿಳಿದಿರುವ ಶಾಲೆ ನಿಮಗೆ ತಿಳಿದಿರುವ ಶಾಲೆಗಿಂತ ಬೇರೆಯಾಗಿರುತ್ತದೆ.

ನೌಕರಿಯಲ್ಲಿರುವ ದೊಡ್ಡವರು ವರ್ಷಕ್ಕೆ ಒಂದು ದಿನವಾದರೂ ಕೌಂಟರಿನ ಈಚೆ ಕುಳಿತು ನೋಡಿ. ನಿವೃತ್ತರಾದವರು ಹಳೆಯ ಕಚೇರಿಯನ್ನು ಬರಿಯ ಹೊಗಳಿಕೆಗೋ ಬೈಗುಳಕ್ಕೋ ಬಿಡಬೇಡಿ. ಅಲ್ಲಿಂದ ಊರಿಗೆ ತರಬೇಕಾದದ್ದು ಯಾವುದು, ಅಲ್ಲೇ ಬಿಟ್ಟು ಬರಬೇಕಾದದ್ದು ಯಾವುದು ಎಂದು ಜಮಾ-ಖರ್ಚು ಬರೆದುನೋಡಿ, ಮಕ್ಕಳು ಮೊಮ್ಮಕ್ಕಳಿಗೆ ಹೇಳಿ. ನನ್ನ ಲೆಕ್ಕದಲ್ಲಿ ಜಮಾ ಕಡೆ ಎರಡು ಬೀಗದ ಕೈ ಇದೆ. ಖರ್ಚಿನ ಕಡೆ ಯಾರೂ ಹೊದಿಸದ ಒಂದು ಶಾಲು ಇದೆ. ಈ ಲೆಕ್ಕ ಇನ್ನೂ ತಾಳೆಯಾಗಿಲ್ಲ. ಒಂಬತ್ತರಿಂದ ಭಾಗಿಸಿದರೂ ಶೇಷ ಉಳಿಯುತ್ತದೆ.